ಅಲಿಬಾಗಿನ ದೋಣಿ ಯಾರದು?

ಮುಂಬಯಿಯ ಆಡುಮಾತಿನಲ್ಲಿ ಒಂದು ಹಳೆಯ ಮೂದಲಿಕೆ ಇದೆ. ನಗರದ ನಡೆನುಡಿ ತಿಳಿಯದವನನ್ನು, ಸುಲಭವಾಗಿ ಮೋಸಹೋಗುವವನನ್ನು ಕಂಡರೆ 'ಅಲಿಬಾಗ್ ಸೇ ಆಯಾ ಹೈ ಕ್ಯಾ' ಎಂದು ಕೇಳುತ್ತಾರೆ. ಲೋಕಲ್ ರೈಲಿನಲ್ಲಿ, ಸಿನಿಮಾದಲ್ಲಿ, ಕಚೇರಿಯ ಹರಟೆಯಲ್ಲಿ ಈ ಮಾತನ್ನು ಕೇಳದ ಮುಂಬಯಿ ಕನ್ನಡಿಗರು ವಿರಳ. ಇದರಿಂದ ನೊಂದ ಅಲಿಬಾಗಿನವರೊಬ್ಬರು ಆ ಮಾತಿನ ಬಳಕೆಯನ್ನು ತಡೆಯಬೇಕೆಂದು ಬಾಂಬೆ ಹೈಕೋರ್ಟಿನ ಮೆಟ್ಟಿಲು ಹತ್ತಿದ್ದೂ ಉಂಟು. 2019ರಲ್ಲಿ ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು. ಪ್ರತಿಯೊಂದು ಸಮುದಾಯದ ಬಗೆಗೂ ಇಂಥ ನಗೆಮಾತುಗಳಿವೆ, ಅದನ್ನು ಅವಮಾನವೆಂದು ಎಣಿಸಬೇಕಾಗಿಲ್ಲ ಎಂಬುದು ನ್ಯಾಯಪೀಠದ ನಿಲುವಾಗಿತ್ತು. ಕಾನೂನಿನ ದೃಷ್ಟಿಯಿಂದ ಅದು ಸರಿಯೇ. ಆದರೆ ಒಂದು ನಗರ ತನ್ನ ನೆರೆಯ ಊರನ್ನು ಯಾವ ಕಣ್ಣಿನಿಂದ ನೋಡುತ್ತ ಬಂದಿದೆ ಎಂಬುದಕ್ಕೆ ಆ ಮಾತು ಸಾಕ್ಷಿಯಾಗಿ ಉಳಿದಿದೆ.

ಈಗ ಅದೇ ನಗರ ಶನಿವಾರ ಬೆಳಗಾದರೆ ಅಲಿಬಾಗಿಗೆ ಹೊರಡುತ್ತದೆ. ಗೇಟ್‌ವೇ ಆಫ್ ಇಂಡಿಯಾದ ಕಟ್ಟೆಯಲ್ಲಿ, ಭಾವೂಚಾ ಧಕ್ಕಾದ ನಿಲ್ದಾಣದಲ್ಲಿ ದೋಣಿಗಾಗಿ ಸಾಲು ನಿಲ್ಲುತ್ತದೆ. ಯಾವ ಊರಿನವನೆಂದು ಕರೆಸಿಕೊಳ್ಳುವುದು ಹೀನಾಯವಾಗಿತ್ತೋ ಆ ಊರಿನಲ್ಲಿ ಒಂದು ತುಂಡು ನೆಲವಿರುವುದು ಇಂದು ಸಿರಿವಂತಿಕೆಯ ಗುರುತು. ಈ ಬದಲಾವಣೆಗೆ ದಾರಿ ಮಾಡಿಕೊಟ್ಟದ್ದು ಕಡಲು ದಾಟಿಸುವ ದೋಣಿ. ಆದ್ದರಿಂದಲೇ ನಾವು ಇಲ್ಲಿ ಕೇಳಬಯಸುವ ಪ್ರಶ್ನೆ ಆ ದೋಣಿಯ ಕುರಿತದ್ದು: ಅದು ವಾರಾಂತ್ಯದ ವಿಹಾರಿಯದೋ, ನಿತ್ಯ ದಾಟಬೇಕಾದ ಊರಿನವನದೋ? ಇಬ್ಬರದೂ ಆಗಬಹುದು, ಆಗಬೇಕು ಎಂಬುದು ನಮ್ಮ ಅಭಿಪ್ರಾಯ. ಆದರೆ ಇಬ್ಬರಲ್ಲಿ ಮೊದಲ ಹಕ್ಕು ಯಾರದೆಂಬುದನ್ನು ಇಂದೇ ತೀರ್ಮಾನಿಸದಿದ್ದರೆ ನಾಳೆ ಅದು ತಾನಾಗಿ ಹಣವಿದ್ದವನ ಪಾಲಾಗುತ್ತದೆ.

ಮುಂಬಯಿಯ ದಕ್ಷಿಣ ತುದಿಯಿಂದ ನೋಡಿದರೆ ಬಂದರಿನ ಆಚೆ ದಡದ ಬೆಟ್ಟಸಾಲು ಕಣ್ಣಿಗೆ ಕಾಣುತ್ತದೆ. ನೀರಿನ ಮೇಲೆ ಮಾಂಡವಾ ಹೆಚ್ಚುಕಡಿಮೆ ಇಪ್ಪತ್ತು ಕಿಲೋಮೀಟರು. ನೆಲದ ಮೇಲೆ ಹೋದರೆ ಪನವೇಲ್, ಪೇಣ್ ಬಳಸಿ ಅಲಿಬಾಗಿಗೆ ನೂರು ಕಿಲೋಮೀಟರಿನಷ್ಟು ಹಾದಿ. ಪ್ರಯಾಣಿಕರ ರೈಲು ಅಲಿಬಾಗಿಗೆ ಇಂದಿಗೂ ಇಲ್ಲ. ಹತ್ತಿರದ ನಿಲ್ದಾಣವಾದ ಪೇಣ್‌ನಿಂದ ಸುಮಾರು ಮೂವತ್ತು ಕಿಲೋಮೀಟರು ಬಸ್ಸಿನಲ್ಲಿ ಹೋಗಬೇಕು. 2024ರ ಜನವರಿಯಲ್ಲಿ ತೆರೆದ ಅಟಲ್ ಸೇತು ಕಡಲ ಮೇಲೆ ಸುಮಾರು ಹದಿನಾರೂವರೆ ಕಿಲೋಮೀಟರು ಉದ್ದಕ್ಕೆ ಹಾದು ಈ ಸುತ್ತನ್ನು ಕೊಂಚ ಕಡಿಮೆ ಮಾಡಿದೆ. ಆದರೆ ಅದು ಸ್ವಂತ ವಾಹನವಿದ್ದವರಿಗೆ ಒದಗಿದಷ್ಟು ಇತರರಿಗೆ ಒದಗಿಲ್ಲ. ಹೀಗಾಗಿ ಆಸ್ಪತ್ರೆಗೆ, ಕೋರ್ಟಿಗೆ, ಕಾಲೇಜಿಗೆ, ಸಗಟು ಪೇಟೆಗೆ ಬರಬೇಕಾದ ರಾಯಗಡ ಜಿಲ್ಲೆಯ ಕರಾವಳಿಯವನಿಗೆ ಕಡಲೇ ಹತ್ತಿರದ ಬೀದಿ. ವಿಹಾರಿಗೆ ಅದು ನೋಟ, ಅವನಿಗೆ ಅದು ಹಾದಿ.

ನೋಟವೂ ಅಲ್ಪವಾದುದಲ್ಲ ಎಂಬುದನ್ನು ಒಪ್ಪಬೇಕು. ಗೇಟ್‌ವೇಯಿಂದ ಹೊರಟ ಕ್ಯಾಟಮರಾನ್ ಒಂದು ಗಂಟೆಯ ಆಸುಪಾಸಿನಲ್ಲಿ ಮಾಂಡವಾ ಸೇರುತ್ತದೆ. ಮೊದಲು ಹಿಂದಕ್ಕೆ ಸರಿಯುವುದು ತಾಜ್ ಹೋಟೆಲಿನ ಗುಮ್ಮಟ. ಬಳಿಕ ಲಂಗರು ಹಾಕಿ ನಿಂತ ಸರಕುಹಡಗುಗಳ ನಡುವೆ ದೋಣಿ ದಾರಿ ಮಾಡಿಕೊಳ್ಳುತ್ತದೆ. ಎಡಕ್ಕೆ ದೂರದಲ್ಲಿ ನಾವಾ ಶೇವಾ ಬಂದರಿನ ಎತ್ತರದ ಕ್ರೇನುಗಳು. ಚಳಿಗಾಲದಲ್ಲಿ ಕಡಲಕ್ಕಿಗಳ ಹಿಂಡು ದೋಣಿಯ ಬೆನ್ನು ಹತ್ತುತ್ತದೆ, ಪ್ರಯಾಣಿಕರು ಅವುಗಳತ್ತ ಗಾಠಿಯಾ ಎರಚುತ್ತಾರೆ. ಮೀನು ಹಿಡಿಯಲೆಂದೇ ಇಷ್ಟು ದೂರ ವಲಸೆ ಬಂದ ಹಕ್ಕಿಗೆ ಎಣ್ಣೆಯಲ್ಲಿ ಕರಿದ ಕಡಲೆಹಿಟ್ಟನ್ನು ತಿನ್ನಿಸುವುದು ಪುಣ್ಯವೂ ಅಲ್ಲ, ವಿನೋದವೂ ಅಲ್ಲ. ಆ ಪೊಟ್ಟಣಗಳ ಖಾಲಿ ಚೀಲಗಳು ಎಲ್ಲಿಗೆ ಹೋಗುತ್ತವೆಂಬುದು ನೀರಿನ ಮೇಲೆಯೇ ಕಾಣುತ್ತದೆ. ಮಾಂಡವಾದಲ್ಲಿ ಇಳಿದವರು ಬಸ್ಸು ಹತ್ತಿ ಇಪ್ಪತ್ತು ಕಿಲೋಮೀಟರು ತೆಂಗು, ಅಡಿಕೆ, ಭತ್ತದ ಗದ್ದೆಗಳ ನಡುವೆ ಸಾಗಿದರೆ ಅಲಿಬಾಗು.

ಅಲಿಬಾಗನ್ನು ಕೇವಲ ಮರಳು, ಕುದುರೆಗಾಡಿ, ಎಳನೀರುಗಳ ಊರೆಂದು ತಿಳಿದು ಮರಳುವವರು ಅರ್ಧ ಊರನ್ನೂ ನೋಡಿದಂತಾಗಲಿಲ್ಲ. ದಡದೆದುರಿಗೆ ಬಂಡೆಯ ಮೇಲೆ ನಿಂತಿರುವ ಕೊಲಾಬಾ ಕೋಟೆಯನ್ನು ಶಿವಾಜಿ ತನ್ನ ಕೊನೆಯ ದಿನಗಳಲ್ಲಿ ಆರಂಭಿಸಿದ. ಸಂಭಾಜಿ 1681ರಲ್ಲಿ ಮುಗಿಸಿದ. ಇಳಿತದ ಹೊತ್ತಿನಲ್ಲಿ ನಡೆದುಕೊಂಡೇ ಕೋಟೆಗೆ ಹೋಗಬಹುದು. ಭರತದ ಹೊತ್ತಿನಲ್ಲಿ ಅದು ದ್ವೀಪ. ಸುತ್ತ ಉಪ್ಪುನೀರಿದ್ದರೂ ಒಳಗೆ ಸಿಹಿನೀರಿನ ಬಾವಿಯಿದೆ. ದೊಡ್ಡ ದೊಡ್ಡ ಕಲ್ಲುಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಇರಿಸಿದ ಹೊರಗೋಡೆಯ ಸಂದುಗಳಲ್ಲಿ ಅಲೆಯ ನೀರು ನುಗ್ಗಿ ಹೊರಬರುತ್ತದೆ. ಅಲೆಯ ಹೊಡೆತವನ್ನು ಎದುರಿಸದೆ ಒಳಗೆ ಬಿಟ್ಟುಕೊಂಡು ಕಳುಹಿಸುವ ಆ ಉಪಾಯದಿಂದಲೇ ಗೋಡೆ ಇಂದಿಗೂ ನಿಂತಿದೆ. ಈ ಕೋಟೆಯ ದಿನಚರಿಯನ್ನು ಕಡಲು ನಿಗದಿಪಡಿಸುತ್ತದೆ. ಗಡಿಯಾರ ನೋಡಿಕೊಂಡು ಬರುವ ವಿಹಾರಿ ಅಲ್ಲಿ ಪಂಚಾಂಗ ನೋಡಬೇಕಾಗುತ್ತದೆ, ಇಲ್ಲವೆ ಅಲ್ಲಿನ ಮೀನುಗಾರರನ್ನು ಕೇಳಬೇಕಾಗುತ್ತದೆ.

ಈ ಕೋಟೆಯಿಂದ ಕಾನ್ಹೋಜಿ ಆಂಗ್ರೆ ಕೊಂಕಣದ ಕಡಲನ್ನು ಆಳಿದ. ತನ್ನ ನೀರಿನಲ್ಲಿ ಸಾಗುವ ಹಡಗು ತನ್ನ ದಸ್ತಕ, ಅಂದರೆ ಅನುಮತಿ ಪತ್ರ ಪಡೆದಿರಬೇಕೆಂದು ಅವನು ಕೇಳಿದ. ಇದಕ್ಕೆ ಮುನ್ನ ಪೋರ್ಚುಗೀಸರು ಇದೇ ಕಡಲಿನಲ್ಲಿ ಎಲ್ಲರಿಂದಲೂ ಇಂಥದೇ ಪತ್ರವನ್ನು ಕೇಳುತ್ತಿದ್ದರು. ಅವರು ಕೇಳಿದಾಗ ಅದು ವ್ಯಾಪಾರದ ನಿಯಮ, ಆಂಗ್ರೆ ಕೇಳಿದಾಗ ಕಡಲ್ಗಳ್ಳತನ! ಇಂಗ್ಲಿಷರೂ ಪೋರ್ಚುಗೀಸರೂ ಒಂದಾಗಿ 1721ರಲ್ಲಿ ಕೊಲಾಬಾದ ಮೇಲೆ ದಂಡೆತ್ತಿ ಬಂದು ಸೋತು ಹಿಂದಿರುಗಿದರು. 1729ರಲ್ಲಿ ತೀರಿಕೊಂಡ ಕಾನ್ಹೋಜಿಯ ಸಮಾಧಿ ಅಲಿಬಾಗಿನ ಪೇಟೆಯ ನಡುವೆಯೇ ಇದೆ. ಮುಂಬಯಿಯಲ್ಲಿನ ನೌಕಾಪಡೆಯ ನೆಲೆಗೆ ಸ್ವತಂತ್ರ ಭಾರತ ಅವನದೇ ಹೆಸರಿಟ್ಟಿದೆ. ಅವನು ಕಾದ ಖಾಂಡೇರಿ ದ್ವೀಪದ ಕೋಟೆ 2025ರಲ್ಲಿ ಮರಾಠಾ ಕೋಟೆಗಳ ಸಾಲಿನಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಈ ಇತಿಹಾಸವನ್ನು ನಾವು ನೆನೆಯುವುದು ವೀರಾರಾಧನೆಗಾಗಿ ಅಲ್ಲ. ಈ ನೀರಿನ ಮೇಲೆ ಯಾರು ಹೋಗಬಹುದು, ಯಾರ ಅಪ್ಪಣೆಯಿಂದ, ಎಷ್ಟು ತೆತ್ತು ಎಂಬ ಜಗಳ ಮುನ್ನೂರು ವರ್ಷಗಳಷ್ಟು ಹಳೆಯದು ಎಂಬುದು ಮುಖ್ಯ. ಟಿಕೆಟ್ಟಿನ ಕಿಟಕಿಯ ಮುಂದೆ ಇಂದು ನಡೆಯುವುದೂ ಅದರ ಮುಂದುವರಿಕೆಯೇ.

ಕಡಲು ತಂದು ಬಿಟ್ಟ ಇನ್ನೂ ಕೆಲವು ಕಥೆಗಳು ಅಲ್ಲಿವೆ. ಹಡಗೊಡೆದು ನವಗಾಂವ್ ತೀರ ಸೇರಿದವರ ಸಂತತಿ ನಾವೆಂದು ನಂಬುವ ಬೆನೆ ಇಸ್ರೇಲಿ ಯಹೂದ್ಯರು ಈ ಹಳ್ಳಿಗಳಲ್ಲಿ ಎಣ್ಣೆಗಾಣ ಹಾಕಿ, ಮರಾಠಿಯನ್ನೇ ಮನೆಮಾತಾಗಿಸಿಕೊಂಡು ಬಾಳಿದರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಊರವರು ಅವರನ್ನು ಶನಿವಾರದ ಗಾಣಿಗರೆಂದೇ ಕರೆದರು. ಹೆಚ್ಚಿನವರು ಇಸ್ರೇಲಿಗೆ ಹೋದ ಮೇಲೂ ಅಲಿಬಾಗಿನಲ್ಲಿ ಅವರ ಪ್ರಾರ್ಥನಾಮಂದಿರ ಉಳಿದಿದೆ. ಮುಂಬಯಿಯ ಕುದುರೆ ಟ್ರಾಮುಗಳು ವಿದ್ಯುತ್ತಿಗೆ ಬದಲಾಗುವುದೆಂದಾದಾಗ, ಕೊಲಾಬಾ ವೀಕ್ಷಣಾಲಯದ ಸೂಕ್ಷ್ಮ ಸೂಜಿಗಳಿಗೆ ಅಡ್ಡಿಯಾಗದಿರಲೆಂದು ಭೂಕಾಂತತ್ವದ ಅಳತೆಯನ್ನು 1904ರಲ್ಲಿ ಅಲಿಬಾಗಿಗೆ ಸಾಗಿಸಿದರು. ಅಲ್ಲಿ ಅಳತೆ ಇಂದಿಗೂ ನಡೆಯುತ್ತಿದೆ. ನಗರದ ಸದ್ದು ತಲಪದ ಜಾಗವೆಂದೇ ವಿಜ್ಞಾನಿಗಳು ಆರಿಸಿಕೊಂಡ ಊರಿದು. ಸಾಲಿಂ ಅಲಿಯವರು ಕಿಹೀಮ್‌ನಲ್ಲಿ ಕುಳಿತು ಗೀಜಗನ ಹಕ್ಕಿ ಗೂಡು ಹೆಣೆಯುವ ಬಗೆಯನ್ನು ತಿಂಗಳುಗಟ್ಟಲೆ ನೋಡಿ ಬರೆದ ಅಧ್ಯಯನ ಅವರನ್ನು ಪಕ್ಷಿವಿಜ್ಞಾನಿಯಾಗಿ ಜಗತ್ತಿಗೆ ಪರಿಚಯಿಸಿತು. ಇಂಥ ಊರನ್ನು ಎರಡು ದಿನದ ಈಜುಕೊಳದ ಊರಾಗಿ ಕುಗ್ಗಿಸಿದರೆ ಊರಿಗಿಂತ ಹೆಚ್ಚಾಗಿ ನೋಡಲು ಬಂದವನಿಗೇ ನಷ್ಟ.

ಈ ಹಾದಿಗೆ ಒಂದು ದೊಡ್ಡ ಶೋಕವೂ ಇದೆ. 1947ರ ಜುಲೈ 17ರ ಬೆಳಿಗ್ಗೆ ರಾಮದಾಸ್ ಎಂಬ ಆವಿಹಡಗು ಭಾವೂಚಾ ಧಕ್ಕಾದಿಂದ ರೇವಸ್‌ಗೆ ಹೊರಟಿತು. ಆಷಾಢದ ಅಮಾವಾಸ್ಯೆಗೆ ಮನೆ ಸೇರಬೇಕೆಂದು ಹೊರಟ ಗಿರಣಿ ಕೆಲಸಗಾರರು, ಮೀನು ಮಾರಿ ಹಿಂದಿರುಗುತ್ತಿದ್ದ ಹೆಂಗಸರು, ಸಣ್ಣ ವ್ಯಾಪಾರಿಗಳು ಅದರಲ್ಲಿ ತುಂಬಿದ್ದರು. ಮಳೆಗಾಲದ ಕಡಲು ಉಕ್ಕುತ್ತಿತ್ತು. ನಡುನೀರಿನಲ್ಲಿ ಬೃಹತ್ತಾದ ಅಲೆ ಹಡಗನ್ನು ಮಗುಚಿತು. ಸ್ವಲ್ಪ ಹೊತ್ತಿನಲ್ಲೇ ಅದು ಮುಳುಗಿತು. ಆರುನೂರಕ್ಕೂ ಹೆಚ್ಚು ಜನ ಸತ್ತರು. ಸ್ವಾತಂತ್ರ್ಯಕ್ಕೆ ಇನ್ನೂ ಒಂದು ತಿಂಗಳೂ ಇರಲಿಲ್ಲ. ದೇಶದ ಕಣ್ಣು ಬೇರೆಡೆ ಇತ್ತು. ನಮ್ಮ ಕಡೆ ಭೀಮನ ಅಮಾವಾಸ್ಯೆಯೆಂದು, ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯೆಂದು ಆಚರಿಸುವ ಆ ದಿನವೇ ರಾಯಗಡದ ಎಷ್ಟೋ ಹಳ್ಳಿಗಳಿಗೆ ಸೂತಕದ ದಿನವಾಯಿತು. ಮುಳುಗಿದವರು ವಿಹಾರಿಗಳಾಗಿರಲಿಲ್ಲ. ಅವರು ಮನೆಗೆ ಹೋಗುತ್ತಿದ್ದವರು. ಮಾಂಡವಾ ದೋಣಿಯ ಮೇಲ್ಮಹಡಿಯಲ್ಲಿ ನಿಂತು ಚಿತ್ರ ತೆಗೆದುಕೊಳ್ಳುವ ನಮ್ಮಲ್ಲಿ ಎಷ್ಟು ಜನರಿಗೆ ಈ ಹೆಸರು ಗೊತ್ತಿದೆ?

ಆ ಪಾಠ ಹಳತಾಯಿತೆನ್ನುವಂತಿಲ್ಲ. 2024ರ ಡಿಸೆಂಬರ್ 18ರಂದು ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೋಗುತ್ತಿದ್ದ ನೀಲಕಮಲ್ ಎಂಬ ದೋಣಿಗೆ ಎಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ವೇಗದೋಣಿ ಬಂದು ಅಪ್ಪಳಿಸಿತು. ಹದಿನೈದು ಜೀವಗಳು ಹೋದವು. ಆ ಬಳಿಕ ಜೀವರಕ್ಷಕ ಅಂಗಿಯನ್ನು ತೊಡುವುದನ್ನು ಕಡ್ಡಾಯ ಮಾಡಲಾಯಿತು. ಆದರೆ ಕಡ್ಡಾಯವಾದುದನ್ನು ಕಡ್ಡಾಯವಾಗಿ ಉಳಿಸಿಕೊಳ್ಳುವ ಹೊಣೆ ಪ್ರಯಾಣಿಕನದೂ ಹೌದು. ಸೆಖೆಯಾಗುತ್ತದೆ, ಚಿತ್ರದಲ್ಲಿ ಚೆಂದ ಕಾಣುವುದಿಲ್ಲ, ಒಂದು ಗಂಟೆಯ ಹಾದಿಗೆ ಇಷ್ಟೆಲ್ಲ ಏಕೆ ಎಂಬ ಮಾತು ಸುಶಿಕ್ಷಿತರ ಬಾಯಿಂದಲೇ ಹೊರಡುತ್ತದೆ. ದೋಣಿಯ ಖಲಾಸಿ ಹೇಳಿದಾಗ ತೊಡದೆ, ಅವನನ್ನೇ ಗದರುವವರೂ ಇದ್ದಾರೆ. ಕಡಲಿನ ಮೇಲೆ ಅವನ ಮಾತು ನಡೆಯಬೇಕು. ನಮ್ಮ ಕರಾವಳಿಯಲ್ಲಿ ತಾಂಡೇಲನ ಮಾತಿಗೆ ದೋಣಿಯ ಮಾಲಿಕನೂ ಎದುರಾಡುವುದಿಲ್ಲ. ಟಿಕೆಟು ಕೊಂಡ ಮಾತ್ರಕ್ಕೆ ನಾವು ಮಾಲಿಕನಿಗಿಂತ ದೊಡ್ಡವರಾಗುವುದಿಲ್ಲ.

ಮಹಾರಾಷ್ಟ್ರದ ಒಂದು ಊರಿನ ದೋಣಿಯ ಬಗ್ಗೆ ಕನ್ನಡದಲ್ಲಿ ಇಷ್ಟೇಕೆ ಬರೆಯಬೇಕೆಂದು ದಿಲ್ಲಿಯ ಅಥವಾ ಹೈದರಾಬಾದಿನ ಓದುಗರು ಕೇಳಬಹುದು. ಘಟ್ಟದ ರಸ್ತೆಗಳು ಹದಗೊಳ್ಳುವ ಮುನ್ನ, 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡುವುದಕ್ಕೆ ಬಹಳ ಮುನ್ನ, ನಮ್ಮ ಕರಾವಳಿಯವರು ಮುಂಬಯಿ ಸೇರಿದ್ದು ಇದೇ ಕಡಲಿನ ಮೇಲೆ. ಮಂಗಳೂರಿನಿಂದ, ಕಾರವಾರದಿಂದ, ನಡುವಿನ ಸಣ್ಣ ಬಂದರುಗಳಿಂದ ಆವಿಹಡಗು ಹತ್ತಿದ ಹುಡುಗರು ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿಶಾಲೆಗಳಲ್ಲಿ ಓದಿ, ಇಂದಿನ ಮುಂಬಯಿ ಕನ್ನಡ ಲೋಕವನ್ನು ಕಟ್ಟಿದರು. ಹಡಗು ದಡಕ್ಕೆ ಬರಲಾಗದ ಕಡೆ ಸಣ್ಣ ದೋಣಿಯಲ್ಲಿ ಹೋಗಿ ಹತ್ತಬೇಕಿತ್ತು. ಮಳೆಗಾಲದಲ್ಲಿ ಹಡಗೇ ಇರಲಿಲ್ಲ, ಊರಿನ ಸುದ್ದಿಯೂ ಇರಲಿಲ್ಲ. ಮುಂಬಯಿಯ ಕಟ್ಟೆಯಲ್ಲಿ ಇಳಿದಾಗ ಅವರೂ ಒಂದು ರೀತಿಯಲ್ಲಿ ಅಲಿಬಾಗಿನವರೇ: ಭಾಷೆ ಬಾರದವರು, ದಾರಿ ತಿಳಿಯದವರು, ಎಲ್ಲರಿಂದ 'ಮದ್ರಾಸಿ' ಎಂದು ಕರೆಸಿಕೊಂಡವರು. ನಮ್ಮ ಭಾಷೆಯೂ ಆ ಕಡಲಿನ ನಂಟನ್ನು ಇಟ್ಟುಕೊಂಡಿದೆ. ಮಂಗಳೂರಿನವರು ಮೀನು ಬಂದಿಳಿಯುವ ಜಾಗವನ್ನು ಧಕ್ಕೆ ಎನ್ನುತ್ತಾರೆ. ಮುಂಬಯಿಯವರು ಭಾವೂಚಾ ಧಕ್ಕಾ ಎನ್ನುತ್ತಾರೆ. ನಮ್ಮ ಭರತ ಮರಾಠಿಯಲ್ಲಿ ಭರತಿ. ನೂಲ ಹುಣ್ಣಿಮೆಯ ಹೊತ್ತಿಗೆ ನಮ್ಮ ಮೊಗವೀರರು ಕಡಲಿಗೆ ಪೂಜೆ ಸಲ್ಲಿಸುತ್ತಾರೆ. ಅದೇ ಹುಣ್ಣಿಮೆಯಂದು ಅಲಿಬಾಗಿನ ಕೋಳಿಯರು ತೆಂಗಿನಕಾಯಿ ಅರ್ಪಿಸುತ್ತಾರೆ. ಆದ್ದರಿಂದ ಈ ದೋಣಿಯ ಪ್ರಶ್ನೆ ನಮಗೆ ಪರಕೀಯವಲ್ಲ.

ಈಗ ಇಂದಿನ ದೋಣಿಗಳಿಗೆ ಬರೋಣ. ಮುಂಬಯಿಯಿಂದ ಆ ದಡಕ್ಕೆ ಸ್ಥೂಲವಾಗಿ ಮೂರು ಬಗೆಯ ದೋಣಿಗಳು ಹೋಗುತ್ತವೆ. ಭಾವೂಚಾ ಧಕ್ಕಾದಿಂದ ರೇವಸ್‌ಗೆ ಹೋಗುವ ಹಳೆಯ ಲಾಂಚು ಮೊದಲನೆಯದು. ಮರದ ಬೆಂಚು, ಬುಟ್ಟಿ, ಚೀಲ, ಸೈಕಲ್ಲುಗಳ ದೋಣಿ ಅದು. ಗೇಟ್‌ವೇಯಿಂದ ಮಾಂಡವಾಕ್ಕೆ ಹೋಗುವ ಖಾಸಗಿ ಕ್ಯಾಟಮರಾನುಗಳು ಎರಡನೆಯದು. ಮುಂದಿನ ಬಸ್ಸಿನ ಪ್ರಯಾಣವೂ ಟಿಕೆಟ್ಟಿನಲ್ಲಿ ಸೇರಿರುವುದರಿಂದ ಅವು ವಿಹಾರಿಗೂ ಊರಿನವನಿಗೂ ಒದಗುತ್ತವೆ, ಆದರೆ ಮಳೆಗಾಲದಲ್ಲಿ ನಿಲ್ಲುತ್ತವೆ. ಮೂರನೆಯದು 2020ರಲ್ಲಿ ಆರಂಭವಾದ ರೋ-ರೋ ಹಡಗು. ನೂರಕ್ಕೂ ಹೆಚ್ಚು ವಾಹನಗಳನ್ನೂ ನೂರಾರು ಜನರನ್ನೂ ಹೊತ್ತು ಒಂದು ಗಂಟೆಯೊಳಗೆ ಮಾಂಡವಾ ಮುಟ್ಟುತ್ತದೆ, ಹವಾಮಾನ ಅವಕಾಶ ಕೊಟ್ಟರೆ ಮಳೆಗಾಲದಲ್ಲೂ ಓಡುತ್ತದೆ. ಮೂರೂ ಬೇಕಾದವೇ. ಆದರೆ ನಿಲ್ದಾಣ, ನೆರಳು, ಶೌಚಾಲಯ, ಹೊಸ ಕಟ್ಟೆ ಇವೆಲ್ಲ ಯಾವ ದೋಣಿಯ ಸುತ್ತ ಬೆಳೆಯುತ್ತಿವೆ ಎಂದು ನೋಡಿದರೆ ಉತ್ತರ ತಾನೇ ಸಿಗುತ್ತದೆ. ಕಾರಿನ ದೋಣಿ ಬೆಳೆದಿದೆ. ಬುಟ್ಟಿಯ ದೋಣಿ ನಿಂತಲ್ಲೇ ನಿಂತಿದೆ.

ಕಾರು ದಾಟಿದರೆ ಕಾರಿನ ಹಿಂದೆ ಬೇರೆ ಸಂಗತಿಗಳೂ ದಾಟುತ್ತವೆ. ನಡೆದು ಬಂದ ವಿಹಾರಿ ರಾಜ್ಯ ಸಾರಿಗೆಯ ಬಸ್ಸು ಹತ್ತುತ್ತಾನೆ, ಆಟೋರಿಕ್ಷಾದವನೊಡನೆ ಮಾತಾಡುತ್ತಾನೆ, ಪೇಟೆಯ ಖಾನಾವಳಿಯಲ್ಲಿ ಉಣ್ಣುತ್ತಾನೆ, ಹಿಂದಿರುಗುವಾಗ ಜಡೆ ಹೆಣೆದ ಬಿಳಿ ಈರುಳ್ಳಿಯ ಮಾಲೆ ಕೊಳ್ಳುತ್ತಾನೆ. ಕಾರಿನಲ್ಲಿ ಬಂದವನು ಮುಂಬಯಿಯಿಂದಲೇ ದಿನಸಿ ತುಂಬಿಕೊಂಡು ಬಂದು, ಎತ್ತರದ ಗೋಡೆಯೊಳಗೆ ಕಾರು ನುಗ್ಗಿಸಿ ಬಾಗಿಲು ಹಾಕಿಕೊಳ್ಳಬಲ್ಲ. ಊರಿನ ಪಾಲಿಗೆ ಅವನು ಬಂದದ್ದೂ ಹೋದದ್ದೂ ಧೂಳಿನಿಂದಲೇ ತಿಳಿಯಬೇಕು. ಕಡಲಂಚಿನ ಭತ್ತದ ಗದ್ದೆ, ಅಡಿಕೆ ತೋಟಗಳು ಬಂಗಲೆಗಳಾಗುತ್ತಿವೆ. ಕರಾವಳಿ ನಿಯಂತ್ರಣ ವಲಯದ ನಿಯಮಗಳನ್ನು ಮೀರಿ ಕಟ್ಟಿದವುಗಳ ಮೇಲೆ ಮೊಕದ್ದಮೆಗಳು ನಡೆದಿವೆ; ದೇಶ ಬಿಟ್ಟು ಹೋದ ವಜ್ರದ ವ್ಯಾಪಾರಿಯೊಬ್ಬನ ಕಿಹೀಮ್ ಬಂಗಲೆಯನ್ನು 2019ರಲ್ಲಿ ಸ್ಫೋಟಕ ಇಟ್ಟು ಉರುಳಿಸಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ಒಂದು ಬಂಗಲೆ ಉರುಳಿದ ಸದ್ದು ದೊಡ್ಡದಾಗಿತ್ತು. ಗೋಡೆಗಳು ಸದ್ದಿಲ್ಲದೆ ಏಳುತ್ತಲೇ ಇವೆ. ಮೀನು ಒಣಗಿಸುವ ಮರಳಿಗೆ ಹೋಗುವ ಹಾದಿಯನ್ನು ಕೋಳಿಯ ಹೆಂಗಸು ಕೇಳಿಕೊಂಡು ಹೋಗಬೇಕಾದ ದಿನ ಬಂದರೆ ಅದನ್ನು ಅಭಿವೃದ್ಧಿ ಎನ್ನಲಾಗದು.

ನಮ್ಮ ಮಾತಿಗೆ ಬರಬಹುದಾದ ಆಕ್ಷೇಪಗಳು ಹಗುರವಾದವಲ್ಲ. ರೋ-ರೋ ಬಂದ ಮೇಲೆ ಮಳೆಗಾಲದಲ್ಲೂ ರೋಗಿಯನ್ನು ಆಂಬುಲೆನ್ಸಿನ ಸಮೇತ ಮುಂಬಯಿಗೆ ಸಾಗಿಸಬಹುದು. ಇದನ್ನು ಯಾರು ಅಲ್ಲಗಳೆದಾರು? ನೆಲ ಮಾರಿದವರು ಇಷ್ಟಪಟ್ಟೇ ಮಾರಿದರು, ಆ ಹಣದಲ್ಲಿ ಮಕ್ಕಳನ್ನು ಓದಿಸಿದರು ಎಂಬುದೂ ನಿಜ. ಹೊರಗಿನಿಂದ ಬಂದು ಹಳ್ಳಿಯ ಬಡತನವನ್ನೇ ಸೌಂದರ್ಯವೆಂದು ಹೊಗಳುವ ಪೇಟೆಯವರ ಅಭ್ಯಾಸವನ್ನು ನಾವೂ ಕಂಡಿದ್ದೇವೆ, ಒಪ್ಪುವುದಿಲ್ಲ. ನಮ್ಮ ಶರಾವತಿ ಹಿನ್ನೀರಿನ ಸಿಗಂದೂರು ಲಾಂಚನ್ನು ನೆನೆಯಬಹುದು. ಲಿಂಗನಮಕ್ಕಿ ಅಣೆಕಟ್ಟಿನಿಂದ ದ್ವೀಪವಾದ ಹಳ್ಳಿಗಳಿಗೆ ದಶಕಗಳ ಕಾಲ ಆ ಲಾಂಚೇ ಗತಿ. ಪ್ರವಾಸಿಗಳಿಗೆ ಅದು ಮೋಜಿನ ಸವಾರಿ. ಹಬ್ಬಹುಣ್ಣಿಮೆಗಳಲ್ಲಿ ಅವರ ವಾಹನಗಳ ಸಾಲಿನ ಹಿಂದೆ ಊರಿನವರು ಕಾಯಬೇಕಿತ್ತು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದಾಗ ಲಾಂಚಿಗಾಗಿ ಕಣ್ಣೀರು ಹಾಕಿದವರಲ್ಲಿ ಪ್ರವಾಸಿಗಳೇ ಹೆಚ್ಚು ಎಂದರೆ ತಪ್ಪಾಗದು. ಊರಿನವರು ನಿಟ್ಟುಸಿರು ಬಿಟ್ಟರು. ಆದ್ದರಿಂದ ಸೇತುವೆ ಬೇಡ, ಕಾರು ಬೇಡ, ಹಳೆಯ ದೋಣಿಯೇ ಇರಲಿ ಎಂಬುದು ನಮ್ಮ ವಾದವಲ್ಲ.

ನಮ್ಮ ವಾದ ಇಷ್ಟೇ: ಸೇತುವೆಯೂ ಕಾರಿನ ಹಡಗೂ ಬಂದಾಗ ಕಾರಿಲ್ಲದವನ ದೋಣಿಯನ್ನು ಕೈಬಿಡಬಾರದು. ರೇವಸ್ ಮತ್ತು ಕರಂಜಾಗಳ ನಡುವಣ ಸೇತುವೆಯ ಮಾತು ನಾಲ್ಕು ದಶಕಗಳಿಂದ ನಡೆಯುತ್ತ ಬಂದಿದೆ. ಅದು ಮುಗಿದ ದಿನ ಮುಂಬಯಿಯಿಂದ ಅಲಿಬಾಗಿಗೆ ರಸ್ತೆ ಇನ್ನಷ್ಟು ಹತ್ತಿರವಾಗುತ್ತದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ಆ ದಿನ ಸರಕಾರಿ ನೀತಿಯಾಗಬಾರದು. ಸೇತುವೆಯ ಮೇಲೆ ಸುಂಕ ತೆತ್ತು ಸ್ವಂತ ವಾಹನದಲ್ಲಿ ಹೋಗುವವನ ಸಮಯ ಉಳಿಯುತ್ತದೆ. ಸೇತುವೆಯ ನೆಪ ಹೇಳಿ ಲಾಂಚು ನಿಲ್ಲಿಸಿದರೆ, ಮೂಲಂಗಿ ಸೊಪ್ಪು, ಒಣಮೀನು, ಈರುಳ್ಳಿ ಹೊತ್ತು ಮಜಗಾಂವಿಗೆ ಬರುತ್ತಿದ್ದ ಹೆಂಗಸು ಮೂರು ಬಸ್ಸು ಬದಲಿಸಬೇಕಾಗುತ್ತದೆ. ನಮ್ಮ ಕರಾವಳಿಯಲ್ಲಿ ಇದು ನಡೆದುಹೋಗಿದೆ. ರಸ್ತೆ ಬಂದ ಮೇಲೆ ಮುಂಬಯಿಯ ಆವಿಹಡಗು ಇಲ್ಲವಾಯಿತು, ಅದರೊಂದಿಗೆ ಸಣ್ಣ ಬಂದರುಗಳ ಜೀವವೂ ಹೋಯಿತು. ಅದನ್ನು ಉಳಿಸಬೇಕೇ ಎಂದು ಕೇಳುವವರೇ ಇರಲಿಲ್ಲ.

ಹಾಗಾದರೆ ಆಗಬೇಕಾದುದೇನು? ಮೊದಲನೆಯದಾಗಿ, ಹವಾಮಾನ ಬಿಟ್ಟ ದಿನಗಳಲ್ಲೆಲ್ಲ ವರ್ಷವಿಡೀ ಓಡುವ, ಸಾಮಾನ್ಯ ದರದ, ಕಾರಿಲ್ಲದವರ ಒಂದು ದೋಣಿ ಸಾರ್ವಜನಿಕ ಸಾರಿಗೆಯೆಂದು ಪರಿಗಣಿತವಾಗಬೇಕು. ನಗರದ ಬಸ್ಸು ನಷ್ಟದಲ್ಲಿದ್ದರೂ ಓಡುವಂತೆ ಅದೂ ಓಡಬೇಕು. ಎರಡನೆಯದಾಗಿ, ದಿನವೂ ದಾಟುವ ವಿದ್ಯಾರ್ಥಿ, ರೋಗಿ, ನೌಕರರಿಗೆ ಪಾಸು ಇರಬೇಕು. ರಜೆಯ ದಿನಗಳಲ್ಲಿ ಅವರಿಗಾಗಿ ಸ್ಥಳ ಮೀಸಲಿರಬೇಕು. ಮೂರನೆಯದಾಗಿ, ಪ್ರತಿ ದೋಣಿಯ ಬಾಗಿಲಲ್ಲಿ ಎಷ್ಟು ಜನರಿಗೆ ಪರವಾನಗಿ ಇದೆ ಎಂಬುದನ್ನು ದೊಡ್ಡ ಅಕ್ಷರದಲ್ಲಿ, ಮರಾಠಿಯಲ್ಲಿ ಬರೆದಿರಬೇಕು. ಅಷ್ಟಾದ ಮೇಲೆ ಒಬ್ಬನನ್ನೂ ಹತ್ತಿಸಬಾರದು, ಆ ಒಬ್ಬ ಯಾರೇ ಆಗಿರಲಿ. ನಾಲ್ಕನೆಯದಾಗಿ, ರಾಮದಾಸ್‌ನಲ್ಲಿ ಮಡಿದವರ ನೆನಪಿಗೆ ಭಾವೂಚಾ ಧಕ್ಕಾದಲ್ಲಿಯೂ ರೇವಸ್‌ನಲ್ಲಿಯೂ, ದೋಣಿ ಹತ್ತುವ ಪ್ರತಿಯೊಬ್ಬನ ಕಣ್ಣಿಗೆ ಬೀಳುವಂಥ ಒಂದು ಕಲ್ಲು ಇರಬೇಕು. ಇದಾವುದಕ್ಕೂ ಸೇತುವೆಗೆ ತಗಲುವ ವೆಚ್ಚದ ನೂರನೇ ಒಂದು ಪಾಲೂ ಬೇಕಿಲ್ಲ.

ಸರಕಾರಕ್ಕೆ ಹೇಳುವುದು ಸುಲಭ. ನಮ್ಮನಮ್ಮಲ್ಲಿ ಹೇಳಿಕೊಳ್ಳಬೇಕಾದುದೂ ಇದೆ. ಮುಂಬಯಿ, ಪುಣೆ, ಠಾಣೆಗಳ ನಮ್ಮ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ವಿಹಾರಕೂಟ ಏರ್ಪಡಿಸುತ್ತವೆ. ಬಸ್ಸು ಗೊತ್ತುಮಾಡಿ, ಯಾವುದಾದರೊಂದು ರಿಸಾರ್ಟಿನ ಬೇಲಿಯೊಳಗೆ ಅಂತ್ಯಾಕ್ಷರಿ ಆಡಿ, ಬಿಸಿಬೇಳೆಬಾತು ಉಂಡು ಮರಳುತ್ತೇವೆ. ಮುಂದಿನ ಕೂಟವನ್ನು ಅಲಿಬಾಗಿನಲ್ಲಿ ನಡೆಸೋಣ, ಆದರೆ ಬೇಲಿಯ ಹೊರಗೆ. ಭಾವೂಚಾ ಧಕ್ಕಾದಿಂದ ರೇವಸ್ ಲಾಂಚಿನಲ್ಲಿ ಹೋಗೋಣ. ಆವಿಹಡಗಿನಲ್ಲಿ ಮುಂಬಯಿಗೆ ಬಂದ ಹಿರಿಯರು ನಮ್ಮ ಸಂಘಗಳಲ್ಲಿ ಇನ್ನೂ ಕೆಲವರಿದ್ದಾರೆ. ಅವರನ್ನು ಕರೆದೊಯ್ದು, ಆ ಪ್ರಯಾಣದ ಕಥೆಯನ್ನು ನೀರಿನ ಮೇಲೆಯೇ ಅವರ ಬಾಯಿಂದ ಕೇಳಿ, ಧ್ವನಿಮುದ್ರಿಸಿ, ಬರೆದಿಡೋಣ. ಕೋಟೆಗೆ ಹೋಗುವ ಮುನ್ನ ಇಳಿತದ ಹೊತ್ತನ್ನು ಕೋಳಿಯರನ್ನು ಕೇಳಿ ತಿಳಿಯೋಣ. ಊಟವನ್ನು ಊರಿನ ಹೆಂಗಸರ ಕೈಯಲ್ಲಿ ಮಾಡಿಸೋಣ. ಚೆನ್ನೈಯ ಗೆಳೆಯರು ಮಾಮಲ್ಲಪುರಕ್ಕೂ ಉಳಿದವರು ತಮ್ಮ ತಮ್ಮ ನೆರೆಯ ತೀರಗಳಿಗೂ ಇದೇ ಬಗೆಯಲ್ಲಿ ಹೋಗಬಹುದು. ಹೊರನಾಡಿನಲ್ಲಿ ಬಾಳುವವರಿಗೆ ಅತಿಥಿಯಾಗುವುದು ಹೊಸದಲ್ಲ. ನಾವು ತಲೆಮಾರುಗಳಿಂದ ಬೇರೊಬ್ಬರ ಊರಿನಲ್ಲಿ ಅತಿಥಿಗಳಾಗಿದ್ದು ಮನೆಯವರಾದವರು. ಆ ಅನುಭವ ನಮಗೆ ಕಲಿಸಿದ ಮರ್ಯಾದೆಯನ್ನು ಒಂದು ದಿನದ ವಿಹಾರದಲ್ಲಿಯೂ ತೋರಬಹುದು.

ಹೊಸ ಕಟ್ಟೆಗಳ ನಕ್ಷೆಗಳು, ಜಲಸಾರಿಗೆಯ ಯೋಜನೆಗಳು ಈಗ ಕಚೇರಿಗಳ ಮೇಜಿನ ಮೇಲಿವೆ. ಒಮ್ಮೆ ಕಾಂಕ್ರೀಟು ಬಿದ್ದ ಮೇಲೆ ಯಾರಿಗೆ ಎಷ್ಟು ಜಾಗ ಎಂಬುದನ್ನು ಬದಲಿಸುವುದು ಕಷ್ಟ. ಈ ನಗರಗಳಲ್ಲಿ ತೆರಿಗೆ ಕಟ್ಟಿ, ಮತ ಹಾಕಿ ಬಾಳುತ್ತಿರುವ ನಾವು ನಮ್ಮ ಭಾಷೆಯ ಶಾಲೆಗಾಗಿ, ಭವನಕ್ಕಾಗಿ ಮನವಿ ಬರೆಯುವುದನ್ನು ಬಲ್ಲೆವು. ನೆರೆಯ ಊರಿನ ಬಡವನ ದೋಣಿಗಾಗಿ ಒಂದು ಮನವಿಯನ್ನು ಮರಾಠಿಯಲ್ಲಿ ಬರೆದು, ಕೆಳಗೆ ನಮ್ಮ ಸಂಘಗಳ ಹೆಸರು ಹಾಕಿ ಕಳುಹಿಸುವುದಕ್ಕೆ ಈ ಮಳೆಗಾಲ ಮುಗಿಯುವವರೆಗೂ ಕಾಯಬೇಕಾಗಿಲ್ಲ.